ಮೀಟ್ ಸ್ಲೈಸರ್‌ಗೆ ಕನ್ನಡದಲ್ಲಿ ಸೂಚನೆ ಇರಲಿ

ಮಾನ್ಯರೇ,

ಹಬ್ಬಕ್ಕೆ ರೋಸ್ಟ್ ಮಾಡಿದ ಹಂದಿಮಾಂಸವನ್ನು ತೆಳ್ಳಗೆ ಕೊಯ್ಯಲೆಂದು ಮನೆಗೆ ಎಲೆಕ್ಟ್ರಿಕ್ ಮೀಟ್ ಸ್ಲೈಸರ್ ತಂದೆವು. 19 ಸೆಂ.ಮೀ. ಬ್ಲೇಡಿನದು; ಮನೆಬಳಕೆಗೆ ಧಾರಾಳ ಸಾಕು. ಕೆಲಸವೂ ಅಚ್ಚುಕಟ್ಟು. ಆದರೆ ಜೊತೆಗೆ ಬಂದ ಪುಸ್ತಿಕೆಯಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ನಮ್ಮಲ್ಲಿ ಅಡುಗೆ ನೋಡಿಕೊಳ್ಳುವ ಅತ್ತೆಗೆ ಇಂಗ್ಲಿಷ್ ಬಾರದು.

ಓದಲೇಬೇಕಾದ ಮಾತುಗಳು ಅದರಲ್ಲಿವೆ. ಮಾಂಸವನ್ನು ಬರಿಗೈಯಿಂದ ಒತ್ತಬಾರದು, ಹಲ್ಲುಗಳಿರುವ ಹಿಡಿಯಿಂದಲೇ ತಳ್ಳಬೇಕು. ತುಂಡು ಚಿಕ್ಕದಾಗುತ್ತಾ ಬಂದಾಗಲೇ ಬೆರಳು ಬ್ಲೇಡಿಗೆ ಹತ್ತಿರವಾಗುವುದು. ಮೂಳೆಯಾಗಲಿ, ಕಲ್ಲಿನಂತೆ ಹೆಪ್ಪುಗಟ್ಟಿದ ಮಾಂಸವಾಗಲಿ ಕೂಡದು. ಹಸಿ ಮಾಂಸವಾದರೆ ಫ್ರೀಜರಿನಲ್ಲಿ ಅರ್ಧ ಗಟ್ಟಿಯಾಗುವವರೆಗೆ ಇಟ್ಟು ಕೊಯ್ದರೆ ಹೋಳು ಹರಿಯುವುದಿಲ್ಲ. ತೊಳೆಯುವ ಮುನ್ನ ಪ್ಲಗ್ ಕಿತ್ತು, ದಪ್ಪ ಹೊಂದಿಸುವ ಗುಂಡಿಯನ್ನು ಸೊನ್ನೆಗೆ ತಿರುಗಿಸಬೇಕು. ಆಗ ಬ್ಲೇಡಿನ ಅಂಚು ಹೊರಚಾಚಿರುವುದಿಲ್ಲ. ಬ್ಲೇಡ್ ಕಳಚಿ ಅದರ ಹಿಂದೆ ಸಿಕ್ಕಿಕೊಂಡ ಕೊಬ್ಬು, ಚೂರುಗಳನ್ನು ತೆಗೆಯದಿದ್ದರೆ ನಾತ ಹೊಡೆಯುತ್ತದೆ, ಹೊಟ್ಟೆಯೂ ಕೆಡುತ್ತದೆ.

ಕೊಳ್ಳುವವರು ಅಂಗಡಿಯಲ್ಲೇ ಬ್ಲೇಡ್ ಕಳಚಿ ತೋರಿಸಲು ಹೇಳಿ. ಕಳಚಲು ಬಾರದ್ದು ಎಷ್ಟೇ ಅಗ್ಗವಾದರೂ ಬೇಡ. ತಯಾರಕರು ಈ ಎಚ್ಚರಿಕೆಗಳನ್ನು ಚಿತ್ರಸಹಿತ ಕನ್ನಡದಲ್ಲಿ ಅಚ್ಚುಹಾಕಿ, ಯಂತ್ರದ ಮೈಮೇಲೇ ಅಂಟಿಸಲಿ.

– ಗೃಹಿಣಿ, ಮಂಗಳೂರು