ಕೆಲಸ ಕೊಡುವವರು ದುಡ್ಡು ಕೇಳುವುದೇಕೆ?

ಮಾನ್ಯರೆ,

ನರಸಾಪುರ, ವೇಮಗಲ್ ಕಡೆ ಕಾರ್ಖಾನೆ ಕೆಲಸ ಹುಡುಕುವ ನಮ್ಮ ಮಕ್ಕಳನ್ನು ನಕಲಿ ನೇಮಕಾತಿ ಪತ್ರಗಳು ಯಾಮಾರಿಸುತ್ತಿವೆ. ಪಕ್ಕದ ಮನೆ ಹುಡುಗಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪತ್ರ ನೋಡಿದೆ. ಲೋಗೊ, ಸೀಲು, ಸಹಿ ಎಲ್ಲವೂ ಇತ್ತು. ಇಮೇಲ್ ಮಾತ್ರ ಕಂಪನಿಯದ್ದಲ್ಲ, ಸುಮ್ನೆ ಒಂದು ಜಿಮೇಲ್. ಸಂದರ್ಶನವೇ ಇಲ್ಲ, ಯೂನಿಫಾರ್ಮ್, ಐಡಿ ಕಾರ್ಡಿಗೆ ಅಂತ 2,500 ರೂಪಾಯಿ ಇವತ್ತೇ ಹಾಕಬೇಕಂತೆ! ಸಂಬಳ ಕೊಡಬೇಕಾದವರೇ ದುಡ್ಡು ಕೇಳಿದರೆ ಅಲ್ಲೇ ಅನುಮಾನ ಬರಬೇಕು, ಅಲ್ವಾ?

ವಿಡಿಯೊ ಲೈಕ್ ಮಾಡಿ ಸಂಪಾದಿಸಿ ಎನ್ನುವ ಟೆಲಿಗ್ರಾಂ ಗುಂಪುಗಳು ಇನ್ನೂ ಅಪಾಯ. ಮೊದಲು ನೂರಿನ್ನೂರು ಕೊಟ್ಟು ನಂಬಿಸಿ, ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ.

ಹಣ ಹೋಗಿದ್ದರೆ ಮರ್ಯಾದೆಗೆ ಅಂಜಿ ಕೂರಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಕಾಲೇಜುಗಳು ಇಂಥ ನಕಲಿ ಪತ್ರಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಮಕ್ಕಳಿಗೆ ತೋರಿಸಲಿ.

– ಓದುಗ, ಕೋಲಾರ