ಒಂದು ಹನಿ ಉಪ್ಪುನೀರಿನ ಲೆಕ್ಕ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಮೆಸೇಜ್ ಓದಿದೆ. ಲ್ಯಾಬಿನಲ್ಲಿ ಕಲಸಿದ ಉಪ್ಪುನೀರಿಗೆ ಎಲೆಕ್ಟ್ರೋಡ್ (ಕರೆಂಟ್ ಹರಿಸುವ ಪ್ಲೇಟು) ಇಳಿಸಿ, ಮೊದಲ ಪ್ರಯೋಗದಲ್ಲೇ ಬ್ಯಾಟರಿಗೆ ಬೇಕಾದ ಲಿಥಿಯಂ ಹಿಡಿದೆಯಂತೆ, ಸಂತೋಷ. "ಇನ್ನು ಸಮುದ್ರವೇ ನಮ್ಮ ಗಣಿ" ಅಂದಿದ್ದೀಯಲ್ಲ, ಅಲ್ಲಿ ಸ್ವಲ್ಪ ನಿಲ್ಲು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಲಿಥಿಯಂ ಇರುವುದು ಸುಮಾರು 0.17 ಮಿಲಿಗ್ರಾಂ. ಒಂದು ಕೆಜಿ ಬೇಕಾದರೆ ಹತ್ತಿರಹತ್ತಿರ 60 ಲಕ್ಷ ಲೀಟರ್ ನೀರು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ಸಾವಿರ ಸಲ ಬರಬೇಕು! ಕರೆಂಟಿನ ಖರ್ಚು ಕೇಳಿದರೆ ಸುಮ್ನೆ ನಗು ಬರುತ್ತದೆ. ಒಂದು ಗ್ರಾಂ ಲಿಥಿಯಂ ಎಲೆಕ್ಟ್ರೋಡ್ ಒಳಗೆ ಹೋಗಲು 3.9 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ) ಸಾಕು, ಈಗಿನ ಎಷ್ಟೋ ಫೋನುಗಳ ಬ್ಯಾಟರಿಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಅಷ್ಟು ನೀರನ್ನು ಪಂಪ್ ಮಾಡುವವರು ಯಾರು?

ಚಿಲಿಯ ಅಟಕಾಮಾ ಉಪ್ಪುಬಯಲು ನೋಡು. ಅಲ್ಲಿ ನೆಲದಡಿಯ ಉಪ್ಪುನೀರಿನಲ್ಲಿ ಲೀಟರಿಗೆ ಸುಮಾರು 1,500 ಮಿಲಿಗ್ರಾಂ ಲಿಥಿಯಂ ಇದೆ. ಅದನ್ನು ಕೊಳಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸಲು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಮರುಭೂಮಿಯಲ್ಲಿ ಅಷ್ಟೂ ನೀರು ಆವಿಯಾಗಿ ಹೋಗುತ್ತದೆ. ನಿನ್ನ ವಿದ್ಯೆಗೆ ಕೆಲಸ ಇರುವುದು ಅಲ್ಲಿ ಅಂತ ನನಗನ್ನಿಸುತ್ತದೆ.

ಎಲೆಕ್ಟ್ರೋಡಿಗೆ ನೀನು ಬಳಸುವ ಐರನ್ ಫಾಸ್ಫೇಟ್ ಒಳ್ಳೆಯ ಆಯ್ಕೆಯೇ. ಬ್ಯಾಟರಿ ವಿಜ್ಞಾನಿ ಜಾನ್ ಗುಡ್‌ಇನಫ್ ತಂಡ 1997ರಲ್ಲಿ ಬ್ಯಾಟರಿಗೆ ಅಂತ ತೋರಿಸಿಕೊಟ್ಟ ವಸ್ತು. ಕರೆಂಟ್ ಕೊಟ್ಟರೆ ಲಿಥಿಯಂ ಒಳಗೆ, ಆಮೇಲೆ ಶುದ್ಧ ನೀರಿನಲ್ಲಿಟ್ಟು ಕರೆಂಟ್ ತಿರುಗಿಸಿದರೆ ಹೊರಗೆ. ಎದುರಿನ ಬೆಳ್ಳಿಯ ಎಲೆಕ್ಟ್ರೋಡ್ ಉಪ್ಪಿನ ಇನ್ನೊಂದು ಭಾಗವಾದ ಕ್ಲೋರೈಡನ್ನು ಮೊದಲು ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಇಷ್ಟು ಸೊಗಸಾಗಿ ಕೇಳಿಸುವ ಕೆಲಸ ಹಾಳಾಗುವುದು ಎಲ್ಲಿ ಗೊತ್ತಾ? ಆ ಶುದ್ಧ ನೀರಿಗೆ ಇಳಿಸುವಾಗ. ಎಲೆಕ್ಟ್ರೋಡಿಗೆ ಅಂಟಿಕೊಂಡ ಒಂದೇ ಒಂದು ಹನಿ ಸಮುದ್ರದ ನೀರಿನಲ್ಲಿ ನಮಗೆ ಬೇಡದ ಸೋಡಿಯಂ ಅರ್ಧ ಮಿಲಿಗ್ರಾಂ ಇರುತ್ತದೆ. ಮೂರು ಲೀಟರ್ ನೀರಿನ ಲಿಥಿಯಂ ತೂಕವೂ ಅಷ್ಟೇ! ಒಂದು ಹನಿ ಸರಿಯಾಗಿ ತೊಳೆಯದಿದ್ದರೆ ಮೂರು ಲೀಟರಿನ ದುಡಿಮೆ ಮಣ್ಣುಪಾಲು, ಅಲ್ವಾ? ಅಟಕಾಮಾ ನೀರಿನಲ್ಲಿ ಲಿಥಿಯಂ ಜಾಸ್ತಿ ಇದ್ದರೂ ಸೋಡಿಯಂ ಅದಕ್ಕಿಂತ ಎಷ್ಟೋ ಪಟ್ಟು ಇದೆ, ಮರೆಯಬೇಡ. ತೊಳೆದ ನೀರನ್ನೂ ಅಳೆದು ಲೆಕ್ಕಕ್ಕೆ ಹಿಡಿ.

ಇನ್ನೊಂದು ಮಾತು. ಲ್ಯಾಬಿನ ಮೊದಲ ಫಲಿತಾಂಶವನ್ನೇ ನಂಬುವ ತಪ್ಪನ್ನು ನಾನೂ ಕಾರ್ಖಾನೆಯ ನೀರಿನ ವಿಭಾಗದಲ್ಲಿದ್ದಾಗ ಮಾಡಿದೆ. ಲ್ಯಾಬಿನಲ್ಲಿ ಉಪ್ಪು ಕಲಸಿದ ನೀರಿನಲ್ಲಿ ನಮ್ಮ ಪ್ಲೇಟುಗಳ ಯಂತ್ರ ಚೆನ್ನಾಗಿ ಓಡಿತು. ಸಾಹೇಬರಿಗೆ ಧೈರ್ಯವಾಗಿ ಹೇಳಿಬಿಟ್ಟೆ. ಬೋರ್‌ವೆಲ್ ನೀರು ಬಿಟ್ಟ ಹದಿನೈದೇ ದಿನಕ್ಕೆ ಪ್ಲೇಟುಗಳ ಮೇಲೆ ಬಿಳಿ ಹೊಪ್ಪಳೆ. ಗೀಸರ್ ಕಾಯಿಲ್ ಮೇಲೆ ಕೂರುತ್ತದಲ್ಲ, ಥೇಟ್ ಹಾಗೆ. ಉಗುರಿನಲ್ಲಿ ಕೆರೆದರೂ ಬರಲಿಲ್ಲ, ಕೊನೆಗೆ ಆಸಿಡ್ ಹಾಕಿದೆವು.

ಅದಕ್ಕೇ ಹೇಳುವುದು, ಬಾಟಲಿಯ ಶುದ್ಧ ದ್ರಾವಣ ಪಕ್ಕಕ್ಕಿಡು. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ತುಂಬಿದ ನಿಜವಾದ ಉಪ್ಪುನೀರು ತರಿಸಿಕೋ. ಮೊದಲ ಸಲ ಸಿಕ್ಕ ಲಿಥಿಯಂ ಅಂಕಿಗಿಂತ ಐವತ್ತನೇ ಸಲದ್ದು ಬರೆದಿಟ್ಟು ನೋಡು. ದೀಪಾವಳಿಗೆ ಬರುವಾಗ ಆ ಪುಟ ತೋರಿಸು, ಅಷ್ಟರಲ್ಲಿ ನಿನ್ನ ದೊಡ್ಡಮ್ಮ ಚಕ್ಕುಲಿ ಕರಿದಿರುತ್ತಾಳೆ.

ಇಂತಿ ನಿನ್ನ,
ದೊಡ್ಡಪ್ಪ