ರದ್ದಾದ ಟೆಂಡರ್‌ಗೂ ಶುಲ್ಕ ಯಾಕೆ?

ಮಾನ್ಯ ಸಂಪಾದಕರೇ,

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಎಂಟು ಜನ ಕೆಲಸದವರು. ಊರೂರಿನ ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಮ್ಯಾನ್‌ಹೋಲ್ ಮುಚ್ಚಳ ಎರಕ ಹೊಯ್ದು ಕೊಡುತ್ತೇವೆ. ಲೆಕ್ಕ, ಟೆಂಡರ್ ಎಲ್ಲ ನಾನೇ ನೋಡುತ್ತೇನೆ.

ಕಳೆದ ವರ್ಷ ಒಂದು ಊರಿನವರು ಮುಚ್ಚಳಕ್ಕೆ ಟೆಂಡರ್ ಕರೆದರು. ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತೆ. ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸಿ, ಜಿಎಸ್‌ಟಿ ಕಾಗದ, ಟೆಸ್ಟ್ ರಿಪೋರ್ಟ್ ಹಾಕಿ, ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ) ಮತ್ತು ಟೆಂಡರ್ ಪ್ರೊಸೆಸಿಂಗ್ ಶುಲ್ಕ ಕಟ್ಟಿದೆ. ತಿಂಗಳಾದ ಮೇಲೆ ‘ಆಡಳಿತಾತ್ಮಕ ಕಾರಣದಿಂದ ರದ್ದು’ ಅಂತ ಬಂತು. ಮತ್ತೆ ಕರೆದರು, ಮತ್ತೆ ಕಟ್ಟಿದೆ, ಮತ್ತೆ ರದ್ದು. ಮೂರನೇ ಸಲ ಕೆಲಸ ಬೇರೆಯವರಿಗೆ ಹೋಯಿತು. ಅದಕ್ಕೆ ಬೇಜಾರಿಲ್ಲ, ಅವರ ದರ ನಮ್ಮದಕ್ಕಿಂತ ಕಡಿಮೆ ಇತ್ತು. ಇಎಂಡಿ ಮೂರೂ ಸಲ ವಾಪಸ್ ಬಂತು. ಶುಲ್ಕ ಮಾತ್ರ ಬರಲಿಲ್ಲ. ಒಂದೊಂದು ಸಲಕ್ಕೆ ಅದು ಸಣ್ಣ ಮೊತ್ತವೇ. ಆದರೆ ವರ್ಷದಲ್ಲಿ ಹಾಕಿದ ಹದಿನಾಲ್ಕು ಟೆಂಡರ್‌ಗಳ ಶುಲ್ಕ ಕೂಡಿಸಿದೆ. ನಮ್ಮಲ್ಲಿ ಅಚ್ಚು ಕಟ್ಟುವ ಮೋಲ್ಡರ್‌ನ ಒಂದು ವಾರದ ಪಗಾರದಷ್ಟಾಯಿತು. ಸಿಕ್ಕ ಕೆಲಸ ಎರಡೇ.

ಆನ್‌ಲೈನ್‌ನಲ್ಲಿ ಟೆಂಡರ್ ಹಾಕುವ ಪೋರ್ಟಲ್ ಬೇಡ ಅನ್ನುವವಳಲ್ಲ ನಾನು. ನಮ್ಮ ಮಾವನವರು ಟೆಂಡರ್ ಫಾರ್ಮ್ ತರಲು, ಪೆಟ್ಟಿಗೆಗೆ ಹಾಕಲು ರಾಣಿ ಚನ್ನಮ್ಮ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದರು. ಎರಡು ದಿನ ಅದಕ್ಕೇ ಹೋಗುತ್ತಿತ್ತು. 2007ರಲ್ಲಿ ರಾಜ್ಯದಲ್ಲಿ ಇ-ಪ್ರೊಕ್ಯೂರ್‌ಮೆಂಟ್, ಅಂದರೆ ಆನ್‌ಲೈನ್ ಟೆಂಡರ್ ಬಂದ ಮೇಲೆ ಆ ಓಡಾಟ ತಪ್ಪಿತು. ಸರ್ವರ್, ಸಾಫ್ಟ್‌ವೇರ್, ಹೆಲ್ಪ್‌ಡೆಸ್ಕ್ ಅಂದ ಮೇಲೆ ಖರ್ಚು ಇದ್ದೇ ಇರುತ್ತದೆ. ಆ ಖರ್ಚಿಗೆ ಶುಲ್ಕ ತೆಗೆದುಕೊಳ್ಳಲಿ. ಆದರೆ ಯಾರಿಂದ, ಯಾವಾಗ?

ಕೇಂದ್ರದ ಸರ್ಕಾರಿ ಖರೀದಿ ನಡೆಯುವ ಜೆಮ್ ಪೋರ್ಟಲ್‌ನಲ್ಲಿ ಇಂಥ ಶುಲ್ಕ ಬೀಳುವುದು ಆರ್ಡರ್ ಸಿಕ್ಕಿದವರಿಗೆ. 2024ರ ಆಗಸ್ಟ್‌ನಲ್ಲಿ ಅದನ್ನೂ ಇಳಿಸಿದರು. 10 ಲಕ್ಷದವರೆಗಿನ ಆರ್ಡರ್‌ಗೆ ಏನೂ ಇಲ್ಲ. ಅದಕ್ಕಿಂತ ಜಾಸ್ತಿಯಾದರೆ 10 ಕೋಟಿವರೆಗೆ ಶೇ 0.30. ಅಂದರೆ 20 ಲಕ್ಷದ ಕೆಲಸಕ್ಕೆ 6,000 ರೂಪಾಯಿ. ಕೆಲಸ ಕೈಗೆ ಬಂದಿರುತ್ತದೆ, ಕೊಡಲು ಕಷ್ಟವಿಲ್ಲ. (10 ಕೋಟಿ ದಾಟಿದವರಿಗೆ ಎಷ್ಟೇ ದೊಡ್ಡ ಆರ್ಡರ್ ಇದ್ದರೂ 3 ಲಕ್ಷವೇ ಅನ್ನುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.)

ನಮ್ಮಲ್ಲಿ ಬಿಡ್ ಹಾಕಿದ ಪ್ರತಿಯೊಬ್ಬರೂ ಮೊದಲೇ ಕಟ್ಟಬೇಕು. ನಾವು ಈ ದುಡ್ಡನ್ನು ಎಲ್ಲಿಂದ ತರುತ್ತೇವೆ? ಮುಂದಿನ ಮುಚ್ಚಳದ ದರಕ್ಕೇ ಸೇರಿಸುತ್ತೇವೆ. ಕೊನೆಗೆ ಕೊಡುವವರು ಆ ಊರಿನ ತೆರಿಗೆ ಕಟ್ಟುವವರು, ಅಲ್ವಾ? ನಮ್ಮ ಪಕ್ಕದ ಶೆಡ್‌ನವರಂತೂ ‘ಸುಮ್ನೆ ಯಾಕೆ ದುಡ್ಡು ಕಳೆಯೋದು’ ಅಂತ ಟೆಂಡರ್ ಹಾಕುವುದನ್ನೇ ಬಿಟ್ಟಿದ್ದಾರೆ. ಚೊಕ್ಕ ಎರಕದವರು. ಮುಚ್ಚಳ ಫ್ರೇಮಿನಲ್ಲಿ ಕೂತರೆ ಮೇಲೆ ಗಾಡಿ ಹೋದರೂ ಸದ್ದಾಗುವುದಿಲ್ಲ. ಅಂಥವರು ಹಿಂದೆ ಸರಿದರೆ ಪೈಪೋಟಿ ಕಡಿಮೆಯಾಗುತ್ತದೆ, ದರ ಏರುತ್ತದೆ.

ಸಣ್ಣ ಘಟಕಗಳಿಗೆ ಟೆಂಡರ್ ಫಾರ್ಮ್ ಉಚಿತ ಕೊಡಬೇಕು, ಇಎಂಡಿ ಕೇಳಬಾರದು ಅಂತ ಕೇಂದ್ರದ 2012ರ ಖರೀದಿ ನೀತಿಯಲ್ಲೇ ಇದೆ. ರಾಜ್ಯವೂ ಶುಲ್ಕವನ್ನು ಕೆಲಸ ಸಿಕ್ಕವರ ಬಿಲ್ಲಿನಲ್ಲಿ ಮುರಿದುಕೊಳ್ಳಲಿ. ಅದು ಈಗಲೇ ಆಗದಿದ್ದರೆ, ರದ್ದಾದ ಟೆಂಡರ್‌ನ ಶುಲ್ಕವನ್ನಾದರೂ ರದ್ದು ಮಾಡಿದ ಕಚೇರಿಯೇ ಭರಿಸಲಿ. ಇಎಂಡಿ ವಾಪಸ್ ಬರುವ ಖಾತೆಗೇ ಅದೂ ಬರಲಿ.

– ಸಣ್ಣ ಫೌಂಡ್ರಿಯೊಂದರ ಪಾಲುದಾರಳು, ಉದ್ಯಮಬಾಗ, ಬೆಳಗಾವಿ